ಫಾಲೂದಾ ಗ್ಲಾಸಿನಲ್ಲಿ ವೈನು

ಪುಲಿಕೇಶಿನಗರದ ಚರಿತ್ರೆಯನ್ನು ಯಾರಾದರೂ ಬರೆಯುವುದಾದರೆ, ಆ ಶನಿವಾರ ಮಾರಿಯಾಳ ಮನೆಯಲ್ಲಿ ಎದ್ದ ಪ್ರಶ್ನೆಗೆ ಒಂದು ಅಧ್ಯಾಯವನ್ನೇ ಮೀಸಲಿಡಬೇಕಾದೀತು: ಬೀಗರಾಗಲಿರುವವರಿಗೆ ವೈನು ಕೊಡುವುದು ಯಾವ ಲೋಟದಲ್ಲಿ? ಮನೆಯಲ್ಲಿದ್ದದ್ದು ಸ್ಟೀಲಿನವು, ಬಿಟ್ಟರೆ ಜಾಮ್ ಖಾಲಿಯಾದ ಬಾಟಲಿಗಳು.

ಬರುವವನು ಸಾಮಾನ್ಯನಲ್ಲ. ಆಲ್ಪ್ಸ್ ಬೆಟ್ಟಗಳ ಕಣಿವೆಯೊಂದರಲ್ಲಿ ಸಾನ್ ಬೆಲ್ಮೋ ಎಂಬ ಪುಟ್ಟ ಊರು. ಅಲ್ಲಿಯವರು ದ್ರಾಕ್ಷಿ ಬೆಳೆಯುತ್ತಾರೆ, ವೈನು ಮಾಡುತ್ತಾರೆ, ಬೇರೆ ಕಸುಬಿಲ್ಲ. ಆ ಊರಿಗೆ ಸಿಲ್ವಾನೊ ಮೇಯರು. ಅವನ ಮಗ ರೆಂಜೊ ಇಂದಿರಾನಗರದ ಆಫೀಸಿನಲ್ಲಿ ಮಾರಿಯಾಳ ಮಗಳು ಜೆಸಿಂತಾಳ ಪಕ್ಕ ಕೂತು ಕೂತು, ಕೊನೆಗೆ ಮದುವೆಯಾಗುತ್ತೇನೆ ಅಂದಿದ್ದ. ಅಪ್ಪ ಬಂದು ನೋಡಿ ಹೂಂ ಅನ್ನಬೇಕು. ಅವರೂರಿನ ಜನರನ್ನೆಲ್ಲ ಶಿವಾಜಿನಗರದ ನಾಲ್ಕು ಬಸ್ಸಿಗೆ ತುಂಬಬಹುದು ಎಂದು ಮಗಳು ಧೈರ್ಯ ಹೇಳಿದಳು. ಆದರೂ ಮೇಯರು ಮೇಯರೇ.

ಅಂಗಡಿಯ ಬಾಟಲಿ ತರೋಣವೆಂದರೆ ಮಾರಿಯಾ ಒಪ್ಪಲಿಲ್ಲ. ಕ್ರಿಸ್‌ಮಸ್ಸಿಗೆ ಅವಳ ಅಜ್ಜಿ ಹಾಕುತ್ತಿದ್ದ ಹಾಗೇ ತಾನೂ ಹಾಕಿದ ವೈನು ಮಂಚದಡಿಯ ಜಾಡಿಯಲ್ಲಿತ್ತು. ಲೋಟದ ಸಮಸ್ಯೆಯನ್ನು ಬಿಡಿಸಿದವಳು ಪಕ್ಕದ ಮನೆಯ ಬದ್ರುನ್ನೀಸಾ. ರಂಜಾನಿನಲ್ಲಿ ಫಾಲೂದಾ ಕೊಡುವ ಉದ್ದ ಕಾಲಿನ ಗ್ಲಾಸುಗಳನ್ನು ತಂದಿಟ್ಟಳು. ಏತಕ್ಕೆಂದು ಕೇಳಲಿಲ್ಲ. ರಸೆಲ್ ಮಾರ್ಕೆಟ್ಟಿನ ಕಪ್ಪು ದ್ರಾಕ್ಷಿ ಜಾಡಿಯೊಳಗೆ ಹುಳಿಯುವ ವಾಸನೆ ವರ್ಷವರ್ಷವೂ ಗೋಡೆ ಹಾರಿ ಅವಳ ಅಡುಗೆಮನೆಯಲ್ಲಿ ಬಂದು ಕೂರುತ್ತಿತ್ತು.

"ವಾಪಸ್ ನಕ್ಕೊ ಮಾ," ಎಂದಳಷ್ಟೆ. "ಇನ್ಮೇಲೆ ಇವು ನಿಂದೇ."

ಆದರೆ ಮೇಯರನ್ನು ನೋಡದೆ ಹೋಗಲು ಮನಸ್ಸಾಗದೆ, ದುಪಟ್ಟಾ ಮೂಗಿಗೆ ಹಿಡಿದು ಬಾಗಿಲಲ್ಲೇ ನಿಂತಳು.

ಸಿಲ್ವಾನೊ ಬಂದ, ಕೂತ, ಕರಿದ ಸಿಹಿ ಕಲ್‌ಕಲ್ ತಿಂದ, ನಕ್ಕ. ಗ್ಲಾಸೆತ್ತಿ ಮೂಸಿದವನ ನಗು ಅಲ್ಲಿಗೇ ನಿಂತಿತು. ಒಂದು ಗುಟುಕು ಕುಡಿದು ಗ್ಲಾಸನ್ನು ಕೆಳಗಿಟ್ಟ. ಮುಖದಲ್ಲಿ ರಕ್ತವಿರಲಿಲ್ಲ. ಮಗನಿಗೇನೋ ಹೇಳಿದ, ಮಗನೂ ಬೆಪ್ಪಾಗಿ ಕೂತ. ಮಾರಿಯಾಳಿಗೆ ಪೇಪರಿನಲ್ಲಿ ಓದಿದ ಕಳ್ಳಭಟ್ಟಿ ಸಾವುಗಳೆಲ್ಲ ಸಾಲಾಗಿ ನೆನಪಾದವು. ಜಾಡಿ ತೊಳೆದಿದ್ದೆನೋ ಇಲ್ಲವೋ?

ರೆಂಜೊ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಜೆಸಿಂತಾ ತಾಯಿಗೆ ಒಪ್ಪಿಸಿದಳು. "ಅಮ್ಮ, ಈ ದ್ರಾಕ್ಷಿ ಅವ್ರೂರಲ್ಲಿ ನಿಷೇಧ ಅಂತೆ."

ಇದರ ವೈನು ಕೀಳು, ಊರಿನ ಹೆಸರು ಕೆಡಿಸುತ್ತದೆ ಎಂದು ಕಾಯಿದೆ ಮಾಡಿ ಬಳ್ಳಿಗಳನ್ನೆಲ್ಲ ಕೀಳಿಸಿದ್ದರಂತೆ. ಕೊನೆಗುಳಿದ ಬಳ್ಳಿ ಇದ್ದದ್ದು ಸಿಲ್ವಾನೊನ ಸ್ವಂತ ಅಣ್ಣನ ಅಂಗಳದಲ್ಲಿ, ಅವರಪ್ಪ ನೆಟ್ಟದ್ದು. ಹೋದ ವರ್ಷ ಮೇಯರು ತಾನೇ ಮುಂದೆ ನಿಂತು ಅದನ್ನು ಕಡಿಸಿದ. ಅಣ್ಣ ಅಂದಿನಿಂದ ಮಾತು ಬಿಟ್ಟಿದ್ದಾನೆ.

ಮಾರಿಯಾ ಮಂಚದ ಮೇಲೆ ಕುಸಿದಳು. ಭೂಮಿಯ ಮೇಲೆ ಅಷ್ಟು ಬಗೆಯ ದ್ರಾಕ್ಷಿ ಇರುವಾಗ ಮಗಳ ಮದುವೆಗೆ ಅಡ್ಡ ಬರಲು ಇದೇ ಆಗಬೇಕಿತ್ತೆ?

ಏನಾಯಿತೆಂದು ಬದ್ರುನ್ನೀಸಾ ಬಾಗಿಲಿಂದಲೇ ವಿಚಾರಿಸಿ ಎಲ್ಲ ತಿಳಿದುಕೊಂಡಳು.

"ಅಂದ್ರೆ ಅಲ್ಲೂ ಹರಾಮ್," ಎಂದಳು. "ಇಷ್ಟು ವರ್ಷ ಈ ಗಲ್ಲೀಲಿ ನಾನೊಬ್ಳೇ ಹೇಳ್ತಿದ್ದೆ."

ಆ ಹೆಂಗಸು ಏನಂದಳೆಂದು ಮೇಯರು ಕೇಳಿದ. ಜೆಸಿಂತಾ ಹೇಳಲಾರೆನೆಂದಳು, ಅವನು ಬಿಡಲಿಲ್ಲ. ಮಾತು ಬಾಯಿಂದ ಬಾಯಿಗೆ, ಭಾಷೆಯಿಂದ ಭಾಷೆಗೆ ದಾಟಿ ಅವನನ್ನು ತಲುಪಿತು. ಬದ್ರುನ್ನೀಸಾಳ ಕಡೆ ಕೈ ತೋರಿಸಿ, ಅವಳು ಹೇಳುವುದು ಸರಿ ಎಂದ. ಆಮೇಲೆ ಗ್ಲಾಸೆತ್ತಿ ತಳದವರೆಗೂ ಕುಡಿದು, ಮಾರಿಯಾಳ ಮುಂದೆ ಮತ್ತೆ ಚಾಚಿದ. ಅಣ್ಣನಿಗೂ ಒಂದು ಬಾಟಲಿ ಕಟ್ಟಿಕೊಡಲು ಸಾಧ್ಯವೇ ಎಂದು ಮಗನ ಮೂಲಕ ಕೇಳಿಸಿದ.

ಈಗ ದಂಗಾದವಳು ಬದ್ರುನ್ನೀಸಾ. ದುಪಟ್ಟಾ ಮೂಗಿನಿಂದ ಜಾರಿತ್ತು.

"ಹರಾಮ್ ಅಂತ ಒಪ್ಕೊಂಡೂ ಕುಡೀತಾನಲ್ಲೇ," ಎಂದಳು.

ಮದುವೆ ಈಸ್ಟರ್ ಕಳೆದ ಮೇಲೆಂದು ಗೊತ್ತಾಯಿತು. ಗ್ಲಾಸುಗಳನ್ನು ಬದ್ರುನ್ನೀಸಾ ವಾಪಸು ತೆಗೆದುಕೊಳ್ಳಲಿಲ್ಲ.