ಜೇಬಿಲ್ಲದ ಕೋಟಿನ ರಾಮನಾಥರು

ರಾಮನಾಥರ ಮನೆಗೆ ಊಟಕ್ಕೆ ಹೋದವರು ಕೈತೊಳೆದ ಕೂಡಲೇ ಹೊರಡುವಂತಿಲ್ಲ. ಅಡುಗೆಮನೆಯ ಚೂರಿ, ಕತ್ತರಿ, ಈಳಿಗೆ, ತುರಿಮಣೆಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಮರಳುವವರೆಗೆ ರಾಮನಾಥರು ಬಾಗಿಲಲ್ಲಿ ಅಡ್ಡ ನಿಂತಿರುತ್ತಾರೆ. ಅಮೆರಿಕದ ಯೂನಿಯನ್ ಸಿಟಿಯ ಆ ಪುಟ್ಟ ಅಡುಗೆಮನೆಯ ಗೋಡೆಗೆ ಬಿಳಿಯ ಹಲಗೆಯೊಂದನ್ನು ಬಡಿದು, ಅದರ ಮೇಲೆ ಒಂದೊಂದು ಸಾಮಾನಿನ ಆಕಾರವನ್ನೂ ಕಪ್ಪು ಬಣ್ಣದಲ್ಲಿ ಬರೆದಿದ್ದಾರೆ. ಚೂರಿ ತೂಗುಹಾಕಿದ್ದರೆ ಅದರ ನೆರಳು ಮುಚ್ಚಿರುತ್ತದೆ. ಯಾರಾದರೂ ತೆಗೆದಿದ್ದರೆ ಖಾಲಿ ನೆರಳು ದೂರದಿಂದಲೇ ಕಣ್ಣಿಗೆ ಹೊಡೆಯುತ್ತದೆ. ಎಲ್ಲವೂ ಮರಳಿದ ಮೇಲೆ ಹಲಗೆಯನ್ನೊಮ್ಮೆ ಮೇಲಿನಿಂದ ಕೆಳಕ್ಕೆ ನೋಡಿ, "ಕ್ಲಿಯರ್" ಎಂದು ತಮಗೇ ಹೇಳಿಕೊಂಡು ಬದಿಗೆ ಸರಿಯುತ್ತಾರೆ. ಆಗ ನಾವು ಚಪ್ಪಲಿ ಹಾಕಿಕೊಳ್ಳಬಹುದು.

ಈ ಶಿಸ್ತು ಅವರಿಗೆ ಬಂದದ್ದು ಜೈಲಿನಿಂದ. ಹಾಗೆಂದರೆ ಹೊಸಬರು ಬೆಚ್ಚುತ್ತಾರೆ, ರಾಮನಾಥರ ಹೆಂಡತಿ ಸ್ನೇಹಲತಾ ಅದನ್ನು ನೋಡಿ ನಗುತ್ತಾ "ಒಳಗೆ ಇದ್ದದ್ದು ಹೌದು, ಆದ್ರೆ ಸಂಜೆ ಮನೆಗೆ ಬಿಡ್ತಿದ್ರು" ಎನ್ನುತ್ತಾರೆ. ಉಡುಪಿಯ ಹತ್ತಿರದಿಂದ ಬಂದು, ಒಂದೆರಡು ಹೋಟೆಲುಗಳಲ್ಲಿ ದೋಸೆ ಹುಯ್ದು, ಪೌರತ್ವ ಸಿಕ್ಕಿದ ಮೇಲೆ ರಾಮನಾಥರು ಬೆಟ್ಟಗಳ ಆಚೆ, ಡ್ಯಾನ್‌ವಿಲ್ಲಿಗೆ ಅಷ್ಟೇನೂ ದೂರವಲ್ಲದ ಕೇಂದ್ರ ಸರ್ಕಾರದ ಹೆಂಗಸರ ಜೈಲಿನಲ್ಲಿ ಅಡುಗೆಯ ಮೇಲ್ವಿಚಾರಕರಾದರು. ನಿವೃತ್ತಿಯವರೆಗೆ ಅಲ್ಲೇ ಇದ್ದರು.

ಆ ಜೈಲಿನ ಕಥೆಯನ್ನು ನಾನು ಅವರ ಬಾಯಿಂದ ಕಂತುಕಂತಾಗಿ ಕೇಳಿದ್ದೇನೆ. ದೇವಸ್ಥಾನದಲ್ಲಿ ದೇವರ ಹೂ ಕಟ್ಟುವ ನನ್ನಂಥವಳ ಕೈಗೆ ಕೆಲಸವಿದ್ದರೂ ಕಿವಿಗೆ ಬಿಡುವಿರುತ್ತದೆ. ಹಿಂದೆ ಸೈನ್ಯದವರಿದ್ದ ಜಾಗವಂತೆ ಅದು. ಮೊದಲು ಎಳೆಯ ವಯಸ್ಸಿನ ಗಂಡು ಹೆಣ್ಣು ಇಬ್ಬರನ್ನೂ ಅಲ್ಲಿ ಇಟ್ಟಿದ್ದರು, ಆಮೇಲೆ ಹೆಂಗಸರಿಗೇ ಮೀಸಲಾಯಿತು, ಈಗ ಕೆಲವು ವರ್ಷಗಳಿಂದ ಮುಚ್ಚಿದೆ. ಕಡಿಮೆ ಕಾವಲಿನ ಜೈಲು ಎಂದು ಅದಕ್ಕೆ ಹೆಸರು. ಸುತ್ತ ಎರಡು ಸುತ್ತಿನ ಮುಳ್ಳುಬೇಲಿ. ಒಳಗೆ ಮಾತ್ರ ಕಂಬಿಯ ಕೋಣೆಗಳ ಬದಲು ಸಾಲುಮಂಚದ ದೊಡ್ಡ ವಸತಿಗಳು. ಅಡುಗೆ, ಒಗೆತ, ಹೊಲಿಗೆ, ಹುಲ್ಲು ಕತ್ತರಿಸುವುದು, ಎಲ್ಲವನ್ನೂ ಕೈದಿಗಳೇ ಮಾಡಬೇಕು. ಗಂಟೆಗೊಮ್ಮೆ ಹತ್ತು ನಿಮಿಷ ಅತ್ತಿತ್ತ ಓಡಾಡಲು ಬಿಡುವು, ಸಂಜೆ ನಾಲ್ಕಕ್ಕೆ ಪ್ರತಿಯೊಬ್ಬಳೂ ತನ್ನ ಮಂಚದ ಬಳಿ ಎದ್ದು ನಿಂತು ತಲೆ ಎಣಿಸಿಕೊಳ್ಳಬೇಕು. ಆ ಎಣಿಕೆ ತಪ್ಪಿದರೆ ಎಲ್ಲರ ಊಟವೂ ಆರುತ್ತಿತ್ತು. "ಇಡೀ ಜೈಲಲ್ಲಿ ಆ ಹೊತ್ತಿಗೆ ನನ್ನ ಸಾರು ಮಾತ್ರ ಕೂತಿರ್ತದೆ, ಉಳಿದವರೆಲ್ಲ ನಿಂತಿರ್ತಾರೆ ಮಾರಾಯ್ರೆ" ಎಂದು ಅವರು ಹೇಳುತ್ತಿದ್ದರು.

ಜೈಲು ಅವರ ನಡಿಗೆಯಲ್ಲೂ ಉಳಿದುಬಿಟ್ಟಿದೆ. ಅಲ್ಲಿ ಒಳಹೋಗುವ ದಾರಿಯಲ್ಲಿ ಎರಡು ಬಾಗಿಲು. ಹಿಂದಿನದು ಮುಚ್ಚಿ ಬೀಗ ಬೀಳದೆ ಮುಂದಿನದು ತೆರೆಯುವುದಿಲ್ಲ. ಈಗಲೂ ಗ್ರೋಸರಿ ಅಂಗಡಿಯ ಜೋಡಿ ಗಾಜಿನ ಬಾಗಿಲುಗಳ ನಡುವೆ ರಾಮನಾಥರು ಗಕ್ಕನೆ ನಿಲ್ಲುತ್ತಾರೆ. ಹಿಂದಿನ ಬಾಗಿಲು ಮುಚ್ಚಲೆಂದು ಅವರು ಕಾಯುತ್ತಾರೆ, ಅವರು ಅಲ್ಲಿ ನಿಂತಿರುವುದರಿಂದ ಅದು ಮುಚ್ಚುವುದಿಲ್ಲ, ಹಿಂದೆ ಗಾಡಿ ತಳ್ಳಿಕೊಂಡು ಬಂದವರ ಸಾಲು ಬೆಳೆಯುತ್ತದೆ, ಕೊನೆಗೆ ಸ್ನೇಹಲತಾ ಬೆನ್ನಿಗೆ ಕೊತ್ತಂಬರಿ ಕಟ್ಟಿನಿಂದ ಮೆಲ್ಲಗೆ ಒಂದು ಏಟು ಕೊಟ್ಟು ಅವರನ್ನು ಬಿಡುಗಡೆ ಮಾಡುತ್ತಾರೆ.

ಇನ್ನು ಅವರ ಬಿಳಿಯ ಕೋಟು. ಅಡುಗೆಗೆ ನಿಲ್ಲುವಾಗ ತೊಡುವ ಆ ಕೋಟಿಗೆ ಜೇಬುಗಳಿವೆ, ಆದರೆ ಎಲ್ಲವನ್ನೂ ಸೂಜಿದಾರದಿಂದ ಹೊಲಿದು ಮುಚ್ಚಿದ್ದಾರೆ. ಜೇಬಿದ್ದರೆ ಯಾರಾದರೂ ಏನನ್ನಾದರೂ ಹಾಕಬಹುದು, ಹಾಕದಿದ್ದರೂ ಹಾಕಿದ್ದಾರೆ ಎನ್ನಬಹುದು. ಕೈದಿಗಳ ಕೋಟಿಗೆ ಜೇಬಿಲ್ಲವಾದ್ದರಿಂದ ತನಗೂ ಬೇಡ ಎಂದು ಜೈಲಿನ ಕೆಲಸಕ್ಕೆ ಸೇರಿದ ಮೊದಲ ವಾರವೇ ಕುಳಿತು ಹೊಲಿದರಂತೆ.

ಚೂರಿಯ ಬಗ್ಗೆ ಇಷ್ಟು ಹಟವೇಕೆ ಎಂದು ಒಮ್ಮೆ ಕೇಳಿದೆ. ಹೇಳಿದರು. ಜೈಲಿನ ಅಡುಗೆಮನೆಯಲ್ಲಿ ದೊಡ್ಡ ಚೂರಿಗಳನ್ನು ಉಕ್ಕಿನ ಹಗ್ಗದಿಂದ ಮೇಜಿಗೆ ಕಟ್ಟಿರುತ್ತಾರೆ; ಸಣ್ಣವು ನೆರಳಿನ ಹಲಗೆಯಲ್ಲಿ. ಒಂದು ದಿನ ಸಿಪ್ಪೆ ಹೆರೆಯುವ ಚೂರಿಯೊಂದು ಕಾಣಲಿಲ್ಲ. ಇಡೀ ಜೈಲಿನ ಓಡಾಟ ನಿಂತಿತು. ಕೊನೆಯ ಸಲ ಅದನ್ನು ಹಿಡಿದಿದ್ದ ಕೈದಿ ಇನ್ನೇನು ಮನೆಗೆ ಹೋಗುವುದರಲ್ಲಿದ್ದಳು. ಬಿಡುಗಡೆಯೇ ತಪ್ಪುತ್ತದೆಂದು ಗೋಡೆಗೆ ಒರಗಿ ನಡುಗುತ್ತಿದ್ದಳು. ರಾಮನಾಥರು ಬಕೆಟ್ಟುಗಟ್ಟಲೆ ಆಲೂಗಡ್ಡೆ ಸಿಪ್ಪೆಯನ್ನು ನೆಲಕ್ಕೆ ಸುರಿದು, ಕೂತು, ಬೆರಳಿನಿಂದ ಕೆದಕಿ ಕೆದಕಿ ಅದನ್ನು ಹುಡುಕಿ ತೆಗೆದರು. "ಚೂರಿ ಹೋದ್ರೆ ಇನ್ನೊಂದು ತರ್ಬಹುದು. ಸಿಗ್ಲಿಲ್ಲ ಅಂತಾದ್ರೆ ಅದು ಹೋಗಿ ಯಾರ ತಲೆ ಮೇಲಾದ್ರೂ ಕೂರ್ತದೆ. ಯಾವಾಗ್ಲೂ ಬಡವರ ತಲೆಯೇ ಸಿಕ್ಕುದು ಅದಕ್ಕೆ" ಎಂದರು. ಅವರಿಂದ ನಾನು ಕೇಳಿದ ಅತಿ ಉದ್ದದ ಮಾತು ಅದೇ ಇರಬೇಕು.

ಅವತ್ತು ನಡುಗುತ್ತಿದ್ದವಳ ಹೆಸರು ಮರಿಸೋಲ್. ಕಳೆದ ವರ್ಷ ಯೂನಿಯನ್ ಸಿಟಿಯ ರೈಲು ನಿಲ್ದಾಣದಲ್ಲಿ ಅವರನ್ನು ಕಂಡು "ಮಿಸ್ಟರ್ ರಾಮ್!" ಎಂದು ಕೂಗಿದಳಂತೆ. ಬಿಡುಗಡೆಯಾದ ಮೇಲೆ ಮತ್ತೊಂದು ಎಡವಟ್ಟಾಗಿ ಪುನಃ ಸ್ವಲ್ಪ ಕಾಲ ಒಳಗಿದ್ದು, ಆಗ ಜೈಲಿನಿಂದ ಹೊರಬಿದ್ದವರನ್ನು ಕೆಲಕಾಲ ಇಡಲೆಂದು ಸರ್ಕಾರ ಗೊತ್ತುಮಾಡಿದ ವಸತಿಯಲ್ಲಿದ್ದಳು. ಒಂದು ಕಾಯಂ ಕೆಲಸ ಸಿಕ್ಕರೆ ಅಲ್ಲಿಂದ ಹೊರಬಂದು ಮಗಳ ಜೊತೆ ಇರಬಹುದು. ಸಿಗದಿದ್ದರೆ ಇನ್ನಷ್ಟು ತಿಂಗಳು ಮಗಳನ್ನು ಭಾನುವಾರ ಮಾತ್ರ ನೋಡಬೇಕು. ಅವಳು ಏನು ತಪ್ಪು ಮಾಡಿದ್ದಳೆಂದು ನಮ್ಮಲ್ಲಿ ಕೆಲವರು ರಾಮನಾಥರನ್ನು ಕೆದಕಿದರು. "ಅದಕ್ಕೆ ಜಡ್ಜ್ ಇದ್ರು. ನಾನು ಅನ್ನಕ್ಕೆ ಇದ್ದವ" ಎಂದು ಅವರು ಮಾತು ಮುಗಿಸಿದರು.

ನಮ್ಮ ದೇವಸ್ಥಾನ ಇರುವುದು ಹಳೆಯ ಗೋದಾಮೊಂದರಲ್ಲಿ. ಅದರ ಅಡುಗೆಮನೆ ರಾಮನಾಥರ ಉಸ್ತುವಾರಿ. ಅಲ್ಲಿಯೂ ನೆರಳಿನ ಹಲಗೆ ಬಂದಿದೆ. ವಾರದ ಕೊನೆಯ ಅಡುಗೆಗೆ ಸಂಬಳದ ಕೆಲಸದವರು ಬೇಕಾಗಿದ್ದರು. ರಾಮನಾಥರು ಮರಿಸೋಲಳನ್ನು ಕರೆತಂದರು. ನವರಾತ್ರಿಯಷ್ಟೂ ದಿನ ಅವಳು ಬಂದು ದುಡಿದಳು. ಸಾಸಿವೆ ಸಿಡಿಯುವ ಹೊತ್ತನ್ನು ಕಿವಿಯಿಂದಲೇ ಗುರುತಿಸುತ್ತಿದ್ದಳು, ಬಡಿಸುವಾಗ "ಇನ್ನೊಂಚೂರು? ನಾಚ್ಕೋಬೇಡಿ" ಎಂದು ರಾಮನಾಥರು ಕಲಿಸಿದ ಎರಡೇ ಕನ್ನಡ ಮಾತುಗಳನ್ನು ಎಲ್ಲರ ಮೇಲೂ ಸಮನಾಗಿ ಪ್ರಯೋಗಿಸುತ್ತಿದ್ದಳು. ನಮ್ಮ ಮಕ್ಕಳು ಅವಳಿಗೆ ಇಂಗ್ಲಿಷಿನಲ್ಲಿ ಉತ್ತರಿಸಿದರೆ ಸೌಟನ್ನು ಎತ್ತಿ ಹಿಡಿದು, ಕನ್ನಡ ಬರುವವರೆಗೆ ಪಾಯಸ ಬಿಡುತ್ತಿರಲಿಲ್ಲ. ಸಮಿತಿಯ ಅಧ್ಯಕ್ಷ ಉಲ್ಲಾಸ್ ಸಜ್ಜನ, ಆದರೆ ಅಳುಕಿನ ಮನುಷ್ಯ. "ಅಂಕಲ್, ನನಗೇನೂ ಪ್ರಾಬ್ಲಮ್ಮಿಲ್ಲ. ಮೆಂಬರ್ಸು ಕೇಳ್ತಾರೆ. ಕೆಲಸ ಪರ್ಮನೆಂಟ್ ಮಾಡೋದನ್ನ ಆಯುಧಪೂಜೆ ದಿನ ಊಟ ಆದ್ಮೇಲೆ ಡಿಸೈಡ್ ಮಾಡೋಣ" ಎಂದಿದ್ದ.

ಆಯುಧಪೂಜೆಯ ಮಧ್ಯಾಹ್ನ ದೇವಿಯ ಮುಂದೆ ಊರ ಸಾಮಾನೆಲ್ಲ ಬಂದು ಕೂತಿತ್ತು: ಕಾರಿನ ಕೀಗಳು, ಲ್ಯಾಪ್‌ಟಾಪುಗಳು, ದಂತವೈದ್ಯೆಯೊಬ್ಬರ ಇಕ್ಕಳ, ಯಾರದೋ ಪಿಟೀಲು. ಅವುಗಳ ಮೇಲೆ ಚೆಂಡುಹೂವಿನ ರಾಶಿ. ಒಳಗೆ ಅಡುಗೆ ಮುಗಿಯುತ್ತ ಬಂದು ನೈವೇದ್ಯಕ್ಕೆ ಪಾಯಸ ಸಿದ್ಧವಾಗಿತ್ತು. ನಾನು ಒಂದು ಮೂಲೆಯಲ್ಲಿ ಬಾಳೆಯೆಲೆ ಒರೆಸುತ್ತಿದ್ದೆ. ರಾಮನಾಥರು ಹಲಗೆಯ ಮುಂದೆ ನಿಂತರು. "ಕ್ಲಿಯರ್" ಎಂಬ ಮಾತು ಬರಲಿಲ್ಲ. ಕಪ್ಪು ಹಿಡಿಯ ದೊಡ್ಡ ಚೂರಿಯ ನೆರಳು ಖಾಲಿಯಿತ್ತು.

ಅವರು ಹೋಗಿ ಬಾಗಿಲಿಗೆ ಬೀಗ ಹಾಕಿದರು.

"ಯಾರೂ ಹೊರಗೆ ಹೋಗುದು ಬೇಡ. ದೊಡ್ಡ ಚೂರಿ ಇಲ್ಲ."

ಹುಡುಕಿದೆವು. ಪಾತ್ರೆಗಳ ಅಡಿ, ಅಕ್ಕಿಚೀಲದ ಹಿಂದೆ, ಕುಂಬಳಕಾಯಿಯ ಹೋಳುಗಳ ನಡುವೆ. ಸಿಗಲಿಲ್ಲ. ಯಾರೂ ಏನೂ ಹೇಳದಿದ್ದರೂ ಕಣ್ಣುಗಳು ಒಂದೇ ಕಡೆ ಹೊರಳತೊಡಗಿದವು. ನೈವೇದ್ಯ ನೋಡಲೆಂದು ಒಳಗೆ ಬಂದಿದ್ದ ಉಲ್ಲಾಸ್ ರಾಮನಾಥರ ಹತ್ತಿರ ಬಂದು ದನಿ ತಗ್ಗಿಸಿ, "ಅಂಕಲ್, ಸುಮ್ನೆ ಒಂದ್ಸಲ ಅವಳ ಬ್ಯಾಗು ನೋಡಿಬಿಡಿ. ಎಲ್ಲರಿಗೂ ಸಮಾಧಾನ ಆಗತ್ತೆ" ಎಂದ.

ಮರಿಸೋಲಳಿಗೆ ಕನ್ನಡ ಅರ್ಥವಾಗುವ ಅಗತ್ಯವಿರಲಿಲ್ಲ. ಅವಳು ಸೌಟನ್ನು ಕೆಳಗಿಟ್ಟು, ಗೋಡೆಯ ಕಡೆ ತಿರುಗಿ, ಎರಡು ಕೈಗಳನ್ನೂ ಅಗಲಿಸಿ ನಿಂತುಬಿಟ್ಟಳು. ಯಾರೂ ಹೇಳದೆಯೇ.

ರಾಮನಾಥರು ಅವಳಿಗೆ ಇಂಗ್ಲಿಷಿನಲ್ಲಿ, ಆಮೇಲೆ ನಮಗೆ ಕನ್ನಡದಲ್ಲಿ ಅದೇ ಮಾತನ್ನು ಹೇಳಿದರು. "ಕೈ ಇಳಿಸು. ಇಲ್ಲಿ ಕೀ ಇರುದು ನನ್ನ ಹತ್ರ. ಮೊದಲು ನಾನು."

ಅವಳ ಪಕ್ಕದಲ್ಲೇ ಗೋಡೆಗೆ ಮುಖಮಾಡಿ ಕೈ ಅಗಲಿಸಿ ನಿಂತು, "ಬಂಗಾರೆವ್ವ, ನೀವು ಹಿರಿಯರು. ಚೆಕ್ ಮಾಡಿ" ಎಂದರು.

ಬಂಗಾರೆವ್ವ ಬಾಗಲಕೋಟೆಯ ಕಡೆಯ ಮುದುಕಿ. ಮಗನೊಂದಿಗೆ ಡ್ಯಾನ್‌ವಿಲ್ಲಿನಲ್ಲಿದ್ದಾಳೆ, ಹೋಳಿಗೆಯ ದಿನ ಅವಳಿಲ್ಲದೆ ನಡೆಯುವುದಿಲ್ಲ. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದಳು. "ಏನಪಾ ಇದು ನಮೂನಿ! ಗಂಡಸರನ್ನ ಹಿಂಗ ತಡಕಾಡೂ ವಯಸ್ಸೇನ್ರೀ ನಂದು?" ಎನ್ನುತ್ತಲೇ ಕೋಟಿನ ಜೇಬಿಗೆ ಕೈಹಾಕಲು ಹೋಗಿ ಸೋತಳು. "ಅಯ್ಯ, ಹೊಲದ ಇಟ್ಟಾರ! ಈ ಪುಣ್ಯಾತ್ಮಗ ಕಿಸೆನ ಇಲ್ಲ." ಸೊಂಟದ ಬೀಗದಕೈ ಗೊಂಚಲನ್ನು ಎಳೆದಳು, ಬೆನ್ನಿಗೊಂದು ಗುದ್ದಿ, "ಏನಿಲ್ಲ ಬಿಡ್ರಿ, ಬರೇ ಎಲುಬು" ಎಂದು ತೀರ್ಪು ಕೊಟ್ಟಳು.

ಯಾರೋ ಕಿಸಕ್ಕೆಂದರು. "ಮುಂದ ಯಾರು? ಅಧ್ಯಕ್ಷರು ಬರ್ರಿ" ಎಂದು ಬಂಗಾರೆವ್ವ ತೋಳೇರಿಸಿದಳು. ಉಲ್ಲಾಸ್ ಕೆಂಪಾಗಿ ಗೋಡೆಗೆ ನಿಂತ. ಅವನ ಜುಬ್ಬಾದ ಜೇಬಿನಲ್ಲಿ, ಇನ್ನೂ ನೈವೇದ್ಯವಾಗದ ಒಂದು ಹೋಳಿಗೆ ಕಾಗದದಲ್ಲಿ ಸುತ್ತಿಕೊಂಡು ಬೆಚ್ಚಗೆ ಕೂತಿತ್ತು. ಬಂಗಾರೆವ್ವ ಅದನ್ನು ಮೇಲೆತ್ತಿ ಎಲ್ಲರಿಗೂ ತೋರಿಸಿದಾಗ ಮೊದಲು ನಕ್ಕವಳು ಮರಿಸೋಲ್. ಗೋಡೆಯಿಂದ ತಿರುಗಿ, ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅಷ್ಟರಲ್ಲಿ ಹೊರಗಿನಿಂದ ಬಾಗಿಲು ದಬದಬ ಬಡಿದರು. ಸ್ನೇಹಲತಾ ಅವರ ದನಿ.

"ರೀ, ಮಂಗಳಾರತಿಗೆ ಹೊತ್ತಾಯ್ತು! ನೈವೇದ್ಯ ಎಲ್ಲುಂಟು? ಬಾಗಿಲು ಯಾಕೆ ಹಾಕಿದ್ದು?"

"ಚೂರಿ ಸಿಗುವವರೆಗೆ ತೆಗೆಯುದಿಲ್ಲ."

"ಯಾವ ಚೂರಿ?"

"ದೊಡ್ಡದು. ಕಪ್ಪು ಹಿಡಿ."

"ಅಯ್ಯೋ ರಾಮ! ಅದು ದೇವಿಯ ಮುಂದೆ ಕೂತಿದೆ. ನೀವು ಅಕ್ಕಿ ಇಳಿಸ್ಲಿಕ್ಕೆ ಹೋದಾಗ ನಾನೇ ತಕ್ಕೊಂಡು ಹೋದದ್ದು. ಊರವರ ಲ್ಯಾಪ್‌ಟಾಪಿಗೆಲ್ಲ ಪೂಜೆ ಆಗ್ತದೆ, ನಿಮ್ಮ ಚೂರಿ ಎಂತ ಪಾಪ ಮಾಡಿದೆ ಅಂತ!"

ಬೀಗ ತೆಗೆದು ಎಲ್ಲರೂ ಹೋಗಿ ನೋಡಿದೆವು. ಚೆಂಡುಹೂಗಳನ್ನು ಸರಿಸಿದಾಗ ದಂತವೈದ್ಯೆಯ ಇಕ್ಕಳದ ಪಕ್ಕ ಚೂರಿ ಮಲಗಿತ್ತು; ಅರಿಸಿನ ಕುಂಕುಮ ಹಚ್ಚಿಸಿಕೊಂಡು, ಮದುವಣಗಿತ್ತಿಯ ಹಾಗೆ. ರಾಮನಾಥರು ಹೆಂಡತಿಯ ಮುಖವನ್ನು, ಚೂರಿಯ ಮುಖವನ್ನು ಸರದಿಯಾಗಿ ನೋಡಿದರು.

"ಜೈಲಲ್ಲಾದ್ರೆ ನಿನ್ನ ಮೇಲೆ ರಿಪೋರ್ಟು ಬರೀತಿದ್ದೆ, ಸ್ನೇಹಾ."

"ಬರೀರಿ. ಒಂದು ತಿಂಗಳು ಅಡುಗೆ ಮಾಡುದು ತಪ್ತದೆ ನನಗೆ."

ಪೂಜೆಗೆ ಇಟ್ಟ ಆಯುಧವನ್ನು ವಿಜಯದಶಮಿಯವರೆಗೆ ಎತ್ತುವಂತಿಲ್ಲ. ರಾಮನಾಥರು ಚೂರಿಗೆ ಕೈ ಚಾಚಿ, ಹಿಂದೆಗೆದು, ಕೊನೆಗೆ ಕೈಮುಗಿದರು. ನಾನು ಕಂಡಂತೆ ದೇವರ ಮುಂದೆ ಅವರು ಸೋತದ್ದು ಅದೊಂದೇ ಸಲ, ಸೋತು ಅಷ್ಟು ಹಿಗ್ಗಿದ್ದೂ ಅದೊಂದೇ ಸಲ.

ಊಟವಾದ ಮೇಲೆ ಉಲ್ಲಾಸ್ ಮರಿಸೋಲಳ ಬಳಿ ಬಂದ. ಬ್ಯಾಗಿನ ಮಾತಿಗೆ ಕ್ಷಮೆ ಕೇಳಿ, ಶನಿವಾರದಿಂದ ಕೆಲಸ ಶುರುಮಾಡು ಎಂದ. ಅವಳು ತಟ್ಟೆ ಒರೆಸುವುದನ್ನು ನಿಲ್ಲಿಸಲಿಲ್ಲ. "ಬರುತ್ತೇನೆ. ಆದರೆ ಇನ್ನೊಂದು ಸಲ ಏನಾದರೂ ಕಳೆದರೆ ಎಲ್ಲರನ್ನೂ ನೋಡಬೇಕು, ಇಲ್ಲವೇ ಯಾರನ್ನೂ ನೋಡಬಾರದು" ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದಳು. ಉಲ್ಲಾಸ್ ಒಪ್ಪಿದ. ಅವಳು ಆಗ ಏಪ್ರನ್ ಕೂಡ ಬಿಚ್ಚದೆ ಪಾರ್ಕಿಂಗ್ ಕಡೆಗೆ ಓಡಿ, ಮಗಳಿಗೆ ಫೋನು ಮಾಡಿದಳು. ಸ್ಪ್ಯಾನಿಷ್ ಒಂದಕ್ಷರ ಬಾರದ ನಾವೆಲ್ಲ ಕಿಟಕಿಯಲ್ಲಿ ನಿಂತು ಆ ಮಾತನ್ನು ಪೂರ್ತಿ ಕೇಳಿಸಿಕೊಂಡೆವು.

ನಿಯಮ ಹಿಡಿದು ಕೂರುವವರನ್ನು ಕಂಡರೆ ನಮಗೆ ಬೇಸರ. ಅವರಿಗೆ ಮನಸ್ಸಿಲ್ಲ, ಬರಿಯ ಕಟ್ಟಳೆಯಿದೆ ಎಂದುಕೊಳ್ಳುತ್ತೇವೆ. ನಿಯಮವನ್ನು ಇನ್ನೊಬ್ಬರ ಮೇಲೆ ಮಾತ್ರ ಪ್ರಯೋಗಿಸುವವರು ಬಹಳ ಮಂದಿ ಇರುವುದರಿಂದ ಆ ತಪ್ಪು ನಮ್ಮದೊಂದೇ ಅಲ್ಲ. ಆದರೆ ಬೇರೆ ಜಾತಿಯ ಕಟ್ಟುನಿಟ್ಟಿನವರೂ ಇದ್ದಾರೆ, ಅಪರೂಪಕ್ಕೆ. ಅವರಿಗೆ ಸವಿಮಾತು ಬರುವುದಿಲ್ಲ, ಕಣ್ಣೀರು ಒರೆಸುವುದೂ ತಿಳಿಯದು. ಸಂಶಯದ ಹೊತ್ತಿನಲ್ಲಿ, ಎಲ್ಲರಿಗಿಂತ ಹೆಚ್ಚು ಹೆದರಿದವರ ಪಕ್ಕದಲ್ಲಿ ಹೋಗಿ, ಅದೇ ಗೋಡೆಗೆ ಮುಖಮಾಡಿ ನಿಲ್ಲುವುದು ಮಾತ್ರ ಅವರಿಗೆ ಗೊತ್ತು. ದೇವರೂ ಒಂದು ದಿನ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ನೋಡುವನೆಂಬ ನಂಬಿಕೆ ನನ್ನದು. ಆ ಹೊತ್ತಿಗೆ ಇಂಥ ಒಬ್ಬರು ಹತ್ತಿರದಲ್ಲಿದ್ದರೆ, ಸಾಲು ಎಷ್ಟು ಉದ್ದವಿದ್ದರೂ ನನಗೆ ಅಂಜಿಕೆಯಿಲ್ಲ.