ಬುಡದ ಬಿಸಿ

ಪುಣೆಯ ವಿಮಾನ ನಗರದ ಆ ಆಫೀಸಿನಲ್ಲಿ ಎಲ್ಲರೂ ಬೆಂಕಿಯ ಮಾತಾಡುವವರೇ, ಆದರೆ ಸಿಂಧೂರಳೊಬ್ಬಳನ್ನು ಬಿಟ್ಟರೆ ಗುಡ್ಡ ಹತ್ತಿದವರು ಯಾರೂ ಇರಲಿಲ್ಲ. ಎಸಿ ಜಾಸ್ತಿಯಾಯಿತೆಂದು ಸ್ವೆಟರ್ ಹಾಕಿಕೊಂಡು ಕೂತು, ಒಣಹುಲ್ಲಿಗೆ ಬೆಂಕಿ ಬಿದ್ದರೆ ಎಷ್ಟು ಹೊಗೆ ಏಳುತ್ತದೆ, ಮಣ್ಣು ಎಷ್ಟು ಆಳದವರೆಗೆ ಕಾಯುತ್ತದೆ, ಯಾವ ಮರ ಉಳಿಯುತ್ತದೆ, ಯಾವುದು ಸಾಯುತ್ತದೆ ಎಂದು ಕಂಪ್ಯೂಟರಿನಿಂದ ಲೆಕ್ಕ ತೆಗೆಸುವುದು ಅವರ ಕಸುಬು. ಆ ಲೆಕ್ಕದ ಯಂತ್ರಕ್ಕೆ ಮಾಡೆಲ್ ಎಂದು ಹೆಸರು. ಮರದ ಸುತ್ತಳತೆ, ತೊಗಟೆಯ ದಪ್ಪ, ಹುಲ್ಲಿನ ಎತ್ತರ, ಗಾಳಿಯ ವೇಗ ಇಷ್ಟು ಕೊಟ್ಟರೆ ಕಡ್ಡಿ ಗೀರುವ ಮೊದಲೇ ಬೂದಿಯ ಜಾತಕ ಹೇಳಿಬಿಡುತ್ತಿತ್ತು. ಸಿಂಧೂರಳಿಗೆ ಅದರ ಮೇಲೆ ಎಲ್ಲಿಲ್ಲದ ನಂಬಿಕೆ. ಅರ್ಧಕ್ಕರ್ಧ ಅವಳೇ ಬರೆದದ್ದಲ್ಲವೇ!

ಭೋರ್ ಕಡೆಯ ಒಂದು ಬೋಳುಗುಡ್ಡದಲ್ಲಿ ಮರ ಬೆಳೆಸುತ್ತಿದ್ದ ಸಂಸ್ಥೆಯೊಂದು ಅವರನ್ನು ಕರೆದಿತ್ತು. ಪ್ರತಿ ಬೇಸಿಗೆಯಲ್ಲೂ ಯಾವನೋ ಬೀಡಿ ಎಸೆದು ಹೋಗುವುದು, ಗುಡ್ಡ ಹೊತ್ತಿ ಉರಿಯುವುದು ನಡೆದೇ ಇತ್ತು. ಅದಕ್ಕೆ ಚಳಿಗಾಲದಲ್ಲೇ ಇಳಿಜಾರಿನ ನಡುವೆ ಒಂದು ಅಗಲವಾದ ಪಟ್ಟಿಯ ಹುಲ್ಲನ್ನು ತಾವೇ ಸುಟ್ಟುಬಿಡುವುದು, ಆಮೇಲೆ ಬಂದ ಬೆಂಕಿ ಅಲ್ಲಿಗೇ ನಿಲ್ಲುತ್ತದೆ. ಈ ಬೆಂಕಿ ರೇಖೆ ಎಲ್ಲಿ ಹಾಯಬೇಕು ಎಂದು ಹೇಳುವುದು ಸಿಂಧೂರಳ ಕೆಲಸ. ಅವಳ ರೇಖೆ ಮಾನಮ್ಮನ ಬೇವಿನ ಗಿಡದ ಮೇಲೆ ಹಾಯ್ದುಹೋಯಿತು.

ಮಾನಮ್ಮ ಮತ್ತು ಅವಳ ಗಂಡ ಅವ್ವಣ್ಣ ಯಾದಗಿರಿ ಕಡೆಯವರು. ಕೂಲಿಗೆ ಪುಣೆಗೆ ಬಂದು, ಈ ಗುಡ್ಡದಲ್ಲಿ ಗುಂಡಿ ತೋಡಿ ಸಸಿ ನೆಟ್ಟವರು. ಆ ವರ್ಷವೇ ದತ್ತು ಎಂಬ ಹೆಸರಿನ ಅವರ ಕೂಸು ಜ್ವರ ಬಂದು ತೀರಿಕೊಂಡಿತು. ಹಸುಗೂಸನ್ನು ಸುಡುವ ಪದ್ಧತಿ ಅವರಲ್ಲಿಲ್ಲ. ಇಳಿಜಾರಿನಲ್ಲೇ ಮಣ್ಣು ಮಾಡಿ, ಮೇಲೆ ಒಂದು ಬೇವಿನ ಸಸಿ ನೆಟ್ಟರು. ಕೂಸಿನ ಒಂದು ಫೋಟೊ ಕೂಡ ಅವರ ಹತ್ತಿರ ಇರಲಿಲ್ಲ, ಇದ್ದದ್ದು ಆ ಗಿಡವೊಂದೇ. ಮರಾಠಿ ಬಾರದೆ ಒದ್ದಾಡುತ್ತಿದ್ದ ಸಿಂಧೂರಳಿಗೆ ಗುಡ್ಡದ ಮೇಲೆ ಕನ್ನಡದವಳು ಸಿಕ್ಕಿದ್ದೇ ದೊಡ್ಡದಾಗಿತ್ತು. ಮಾನಮ್ಮ ರೊಟ್ಟಿ ಮುರಿದುಕೊಡುತ್ತ ಇದನ್ನೆಲ್ಲ ಹೇಳಿದ್ದಳು.

"ರೇಷಾ ಜರಾ ಬಾಜೂಕ ಸರಿಸ್ರಿ ಮೇಡಮ್ಮಾರ," ಎಂದ ಅವ್ವಣ್ಣ.

ರೇಖೆಯನ್ನು ಪಕ್ಕಕ್ಕೆ ಸರಿಸಬಹುದಿತ್ತು. ಆದರೆ ಅಲ್ಲಿ ಸೊಟ್ಟಗಾದರೆ ಪಟ್ಟಿ ಸಣ್ಣದಾಗುತ್ತದೆ, ಬೆಂಕಿ ದಾಟೀತು ಎಂದು ಅವಳ ವಾದ. ಬೇವಿನ ಬುಡಕ್ಕೆ ಟೇಪು ಸುತ್ತಿ ಅಳೆದಳು, ಕೈಯಲ್ಲಿದ್ದ ಟ್ಯಾಬಿನಲ್ಲಿ ಅಂಕಿ ತುಂಬಿದಳು. ಬುಡದಲ್ಲಿ ಬಿದ್ದ ಎಲೆಯ ದಪ್ಪ ಎಷ್ಟು ಎಂಬ ಖಾನೆಯೂ ಅದರಲ್ಲಿತ್ತು. ಗಾಳಿಗೆ ಎಲೆ ನಿಲ್ಲದ ಗುಡ್ಡ ಅದು, ಸೊನ್ನೆ ಹಾಕಿದಳು.

"ನಿಮ್ಮ ಗಿಡಕ್ಕೆ ಏನೂ ಆಗಲ್ಲ ಅಕ್ಕಾ. ಹುಲ್ಲು ಭರ್ರಂತ ಉರಿದು ಮುಗಿದುಹೋಗುತ್ತೆ."

"ಬೇರಿಗಿ ಬಿಸಿ ಹತ್ತಂಗಿಲ್ಲೇನವ್ವಾ? ಕೆಳಗ ಅಂವ ಇದ್ದಾನ."

"ಮೇಲಿನ ಮಣ್ಣು ಸ್ವಲ್ಪ ಬಿಸಿ ಆಗುತ್ತೆ, ಅಷ್ಟೇ." ಫೋನು ಬಂದದ್ದರಿಂದ ಮಾತು ಅಲ್ಲಿಗೇ ನಿಂತಿತು.

ಬೆಂಕಿ ಹಚ್ಚಿದ ದಿನ ಸಿಂಧೂರ ಕೆಳಗಿನ ರಸ್ತೆಯಲ್ಲಿ ನಿಂತು ನೋಡಿದಳು. ಹುಲ್ಲು ಅವಳು ಹೇಳಿದ ಹಾಗೇ ಭರ್ರೆಂದು ಉರಿದು ಆರಿತು. ಕಪ್ಪು ಪಟ್ಟಿಯ ನಡುವೆ ಬೇವು ಹಸಿರಾಗಿ ನಿಂತಿತ್ತು. ಮಾನಮ್ಮ ಅವಳ ಎರಡೂ ಕೈ ಹಿಡಿದು ನಕ್ಕಳು. ಸಿಂಧೂರ ಆಫೀಸಿಗೆ ಹೋಗಿ ಎಲ್ಲರಿಗೂ ಪೇಢೆ ಹಂಚಿದಳು.

ಯುಗಾದಿ ಹೊತ್ತಿಗೆ ಗುಡ್ಡದ ಬೇವುಗಳೆಲ್ಲ ಚಿಗುರಿ ಹೂಬಿಟ್ಟವು. ದತ್ತುವಿನ ಬೇವು ಮಾತ್ರ ಇದ್ದ ಎಲೆಯನ್ನೂ ಉದುರಿಸಿತು. ಕೂಲಿಯವರ ಮುಕಾದಮ ಏಕನಾಥ ಫೋನು ಮಾಡಿದ. ಸಿಂಧೂರ ಬಿದ್ದಂಬೀಳ ಬಂದು ಬುಡದ ತೊಗಟೆ ಕೆರೆದು ನೋಡಿದರೆ, ಹಸಿ ಇರಬೇಕಾದ ಕಡೆ ಸುತ್ತಲೂ ಕಂದು. ಕಾಲ ಕೆಳಗೆ ದಪ್ಪನೆಯ ಬಿಳಿ ಬೂದಿ ಇಬ್ಬನಿಗೆ ಹೆಪ್ಪುಗಟ್ಟಿ, ಮಳೆ ಕಾಣದೆ ಹಾಗೇ ಉಳಿದಿತ್ತು. ಅಷ್ಟು ಬೂದಿ ಹುಲ್ಲಿನಿಂದ ಬರುವುದಿಲ್ಲ.

"ಬುಡದಲ್ಲಿ ಏನಾದ್ರೂ ಇತ್ತಾ ಅಕ್ಕಾ?"

"ನಾನೇ ಒಣಾ ಎಲಿ ತಪ್ಪಲಾ ಒಟ್ಟಿದ್ದೆ," ಎಂದಳು ಮಾನಮ್ಮ. "ನಮ್ಮ ಕಡಿ ಬ್ಯಾಸಿಗ್ಯಾಗ ಸಸಿ ಬುಡಕ್ಕ ಹಂಗೇ ಮಾಡ್ತೀವಿ, ತಂಪ ಇರ್ತದ. ನೀ ಮಣ್ಣು ಬಿಸಿ ಆಗ್ತದ ಅಂದಿದ್ದಿ ನೋಡು, ಜೀವ ತಡೀಲಿಲ್ಲ. ಗುಡ್ಡೆಲ್ಲಾ ಅಡ್ಡ್ಯಾಡಿ ತಪ್ಪಲಾ ತಂದು ಮೊಣಕಾಲಮಟ ಹೊಚ್ಚಿದೆ. ನೀರೂ ಹೊಡದೆ. ಆದ್ರೂ ಯಾಕ ಒಣಗ್ತವ್ವಾ?"

ಸಿಂಧೂರ ಬೆರಳಿನಿಂದ ಬೂದಿ ಕೆದಕಿ ನೋಡಿದಳು. ನೀರು ಮೇಲಿನೆಲೆಯನ್ನಷ್ಟೇ ನೆನೆಸಿರಬೇಕು. ಹುಲ್ಲಿನ ಬೆಂಕಿ ಕ್ಷಣದಲ್ಲಿ ದಾಟಿಹೋದರೂ ಎಲೆರಾಶಿಯೊಳಗೆ ಹೊಕ್ಕ ಕಿಡಿ ಹಗಲೂ ರಾತ್ರಿ ಉರಿ ಕಾಣಿಸದೆ ಕುಮುಲಿತ್ತು, ಬುಡವನ್ನು ಸುತ್ತಿಕೊಂಡು ಬೇಯಿಸಿತ್ತು. ಹಾಗೇ ಬಿಟ್ಟಿದ್ದರೆ ಗಿಡ ಉಳಿಯುತ್ತಿತ್ತು. ಇದನ್ನು ಈ ಹೆಂಗಸಿಗೆ ಯಾವ ಬಾಯಲ್ಲಿ ಹೇಳುವುದು?

"ನನ್ನ ಲೆಕ್ಕ ತಪ್ಪಾಯ್ತು ಅಕ್ಕಾ," ಎಂದಳು. "ನನ್ನ ಕಂಪ್ಯೂಟರ್ ತಪ್ಪು ಹೇಳ್ತು."

"ಸರಿಸ್ರಿ ಅಂದ್ರ ಸರಿಸ್ಲಿಲ್ಲ," ಎಂದು ಅವ್ವಣ್ಣ ಮುಖ ತಿರುಗಿಸಿದ. ಆ ಮಾತು ಸುಳ್ಳಾಗಿರಲಿಲ್ಲ. ಮಾನಮ್ಮ ಬೈಯಲಿಲ್ಲ, ಒಣಗಿದ ಬೇವನ್ನು ತಬ್ಬಿಕೊಂಡು ಕೂತಳು. ಅವಳ ಅಳು ಕೆಳಗಿನ ರಸ್ತೆಯವರೆಗೂ ಕೇಳಿಸುತ್ತಿತ್ತು.

ಆಫೀಸಿನಲ್ಲಿ ಮೇಲಿನವನು ಮಿಥುನ, ಬೆಂಗಳೂರಿನ ಹುಡುಗ. ಒಳ್ಳೆಯವನೇ, ಆದರೆ ಕೆಲಸದ ವಿಷಯದಲ್ಲಿ ಜಗ್ಗುವವನಲ್ಲ. ಸಿಂಧೂರ ಅವನಿಗೆ ಎಲೆರಾಶಿಯ ಸಂಗತಿ ಹೇಳಿದಳು. "ಇದು ಮಾಡೆಲ್‌ನಲ್ಲಿ ಬರ್ಲೇಬೇಕು. ಫೀಲ್ಡ್‌ನವರಿಗೂ ಹೇಳು, ಬೆಂಕಿಗೆ ಮುಂಚೆ ಬುಡದ ಎಲೆ ತೆಗೀರಿ, ಇಲ್ಲಾಂದ್ರೆ ಮರ ಸಾಯುತ್ತೆ ಅಂತ," ಎಂದ.

"ಸಾಯುತ್ತೆ ಅನ್ನೋದು ಬೇಡ. ಸುಮ್ನೆ ತೆಗೀರಿ ಅಂದ್ರೆ ಸಾಲ್ದಾ?"

"ಕಾರಣ ಹೇಳ್ದಿದ್ರೆ ಯಾರು ಬಗ್ಗಿ ಎಲೆ ಬಳೀತಾರೆ ಸಿಂಧು? ಗುಡ್ಡದಲ್ಲಿ ಅಷ್ಟೊಂದು ಮರ ಇದೆ."

ಇದ್ದವು. ಅವನ್ನೂ ಮಾನಮ್ಮನೇ ನೆಟ್ಟಿದ್ದಳು. ಸಿಂಧೂರ ಬೈದುಕೊಳ್ಳುತ್ತಲೇ ಬರೆದು ಕಳಿಸಿದಳು.

ಮರುವರ್ಷದ ಚಳಿಗಾಲದಲ್ಲಿ ಏಕನಾಥ ಕೂಲಿಯವರನ್ನೆಲ್ಲ ಗುಡ್ಡದ ಬುಡದಲ್ಲಿ ಸೇರಿಸಿದ. ಒಂದು ಮರದ ಬುಡದಲ್ಲೂ ಪಾಲಾಪಾಚೋಳಾ ಇರಕೂಡದು, ಒಣಗಿದೆಲೆ ಒಳಗೊಳಗೇ ಕುಮುಲಿ ಮರವನ್ನು ಕೊಲ್ಲುತ್ತದೆ, ಮೇಡಂ ಕಂಪ್ಯೂಟರಿನಲ್ಲಿ ಕಂಡುಹಿಡಿದಿದ್ದಾರೆ ಎಂದು ಮರಾಠಿಯಲ್ಲಿ ಗಟ್ಟಿಯಾಗಿ ಹೇಳಿದ. ಮಾನಮ್ಮನಿಗೆ ಅಷ್ಟು ಮರಾಠಿ ತಿಳಿಯಲಿಕ್ಕಿಲ್ಲ ಎಂದು ಸಿಂಧೂರ ಒಳಗೇ ಹಾರೈಸಿದಳು. ಎಂಥ ಪೆದ್ದು ಹಾರೈಕೆ! ಮಾನಮ್ಮ ಸಂತೆ ಮಾಡುವುದು, ಜಗಳ ಆಡುವುದು, ಆಸ್ಪತ್ರೆಗೆ ಹೋಗುವುದು ಎಲ್ಲ ಅದೇ ಮರಾಠಿಯಲ್ಲಿ.

ಉಳಿದವರು ಗುಡ್ಡ ಹತ್ತಿದರು. ಮಾನಮ್ಮ ಹತ್ತಲಿಲ್ಲ, ಸಿಂಧೂರಳ ಹತ್ತಿರ ಬಂದಳು.

"ಅಂದ್ರ, ನಾ ಹೊಚ್ಚಿದ್ದಕ್ಕ ಹೋತೇನವ್ವಾ?"

"ಅದು ಹಾಗಲ್ಲ ಅಕ್ಕಾ, ಅದು ಬೇರೆ..."

"ನನ್ನ ಸಲುವಾಗಿ ಸುಳ್ಳು ಹೇಳಿದ್ದಿ." ಮಾನಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಗುಡ್ಡದ ಕಡೆ ನೋಡುತ್ತ ನಿಂತಳು. "ಅವನಿಗಿ ಜ್ವರ ಬಂದಾಗೂ ಹಿಂಗೇ ಮಾಡಿದ್ದೆ. ಮೈ ಕೆಂಡ ಆಗಿತ್ತು. ಚಳಿ ಹತ್ತೀತಂತ ಕೌದಿ ಮ್ಯಾಲ ಕೌದಿ ಹೊಚ್ಚಿ ಎದಿಗಿ ಅವಚಿಕೊಂಡು ಕುಂತಿದ್ದೆ. ಹಂಗ ಹೊಚ್ಚಬಾರದಿತ್ತು ಅಂತ ಡಾಕ್ಟರ್ ಬೈದ್ರು. ಆಗೂ ಯಾರೂ ನನಗ ಮೊದಲ ಹೇಳಿರಲಿಲ್ಲವ್ವಾ."