ಇಪ್ಪತ್ತೊಂಬತ್ತನೆಯದು

"ಇಪ್ಪತ್ತೆಂಟು ಬಂದಿವೆ ಸರ್. ಒಂದು ಮಾತ್ರ ಕಾಣಿಸ್ತಿಲ್ಲ," ಎಂದಳು ಫೋನಿನಲ್ಲಿ ಮಾನಿಟರಿಂಗ್ ಸೆಂಟರಿನ ಹುಡುಗಿ.

"ಎಕ್ಸ್‌ರೇ ಸರ್ವರ್ ತಾನೆ? ಅದು ತುಂಬಾ ಹಳೇದು, ಹೇಳಿದ ಮಾತು ಕೇಳಲ್ಲ. ಇನ್ನೊಂದು ವಾರ ಬೇಕಾಗುತ್ತೆ," ಎಂದು ಅವನು ಫೋನಿಟ್ಟ.

ಅದು ಸುಳ್ಳು. ಆಸ್ಪತ್ರೆಯ ಇಪ್ಪತ್ತೊಂಬತ್ತು ಲಿನಕ್ಸ್ ಸರ್ವರ್‌ಗಳಿಗೂ ಅವನು ಏಜೆಂಟ್ ಹಾಕಿ ಮುಗಿಸಿದ್ದ. ಯಂತ್ರದೊಳಗೇ ಕೂತು, ಅದರ ಬಿಸಿ ಎಷ್ಟು, ಡಿಸ್ಕಿನಲ್ಲಿ ಉಳಿದ ಜಾಗ ಎಷ್ಟು ಎಂದು ನಿಮಿಷಕ್ಕೊಮ್ಮೆ ದೂರದ ಸೆಂಟರಿಗೆ ವರದಿ ಒಪ್ಪಿಸುವ ಪುಟ್ಟ ಪ್ರೋಗ್ರಾಂ ಅದು. ಎಕ್ಸ್‌ರೇ ಸರ್ವರಿನಲ್ಲೂ ಓಡುತ್ತಿತ್ತು. ಆದರೆ ಅಲ್ಲಿನ ಕಾನ್ಫಿಗ್ ಫೈಲಿನಲ್ಲಿ ಸೆಂಟರಿನ ವಿಳಾಸದ ಕೊನೆಯ ಅಂಕಿ ಒಂದರ ಬದಲು ಏಳಾಗಿತ್ತು. ಬೇಕೆಂದೇ ಹಾಗೆ ಬರೆದಿದ್ದ.

ಆ ಸರ್ವರ್‌ಗಳಿದ್ದ ಕೋಣೆಯನ್ನು ಹನ್ನೊಂದು ವರ್ಷದಿಂದ ನೋಡಿಕೊಳ್ಳುತ್ತಿದ್ದವರು ಅವನ ಅಕ್ಕನ ಗಂಡ. ಗಂಟೆಗೊಮ್ಮೆ ಪ್ರತಿ ಯಂತ್ರದ ಮುಂದೆ ನಿಂತು, ಕಲಿತಿದ್ದ ನಾಲ್ಕೇ ಕಮಾಂಡು ಒತ್ತಿ, ಕಂಡದ್ದನ್ನು ಗುಂಡಗಿನ ಅಕ್ಷರದಲ್ಲಿ ಪುಸ್ತಕಕ್ಕೆ ಇಳಿಸಿ, ಏನಾದರೂ ಎಡವಟ್ಟಿದ್ದರೆ ತಿಳಿಸುವುದು ಅವರ ಕೆಲಸ. ಎಲ್ಲ ಯಂತ್ರಗಳೂ ಸೆಂಟರಿಗೆ ಕಂಡ ದಿನದಿಂದ ಕೋಣೆಗೆ ಆಳು ಬೇಡವೆಂದು ಮ್ಯಾನೇಜರು ಅವನೊಬ್ಬನಿಗೆ ಹೇಳಿದ್ದರು. ಭಾವನಿಗೆ ಐವತ್ತಮೂರು. ಈ ವಯಸ್ಸಿನಲ್ಲಿ ಅವರನ್ನು ಯಾರು ಕರೆದು ಕೆಲಸ ಕೊಡುತ್ತಾರೆ?

"ಎಲ್ಲಾ ಮುಗೀತೇನಪ್ಪ?" ಎಂದು ಭಾವ ಆವತ್ತು ಕೇಳಿದ್ದರು.

"ಒಂದು ಉಳಿದಿದೆ ಭಾವ. ಹಳೇದು, ಹಟ ಮಾಡ್ತಿದೆ."

"ನಂದೇ ಓರಗೆ ಇರಬೇಕು," ಎಂದು ಅವರು ನಕ್ಕಿದ್ದರು.

ಆರು ದಿನ ಕಳೆಯಿತು. ಏಳನೆಯ ದಿನ ಭಾವನಿಗೆ ಜ್ವರ ಬಂತು. ಬರುವುದಿಲ್ಲವೆಂದು ಬೆಳಿಗ್ಗೆಯೇ ಮ್ಯಾನೇಜರಿಗೆ ಫೋನಿನಲ್ಲಿ ತಿಳಿಸಿದರು, ಮ್ಯಾನೇಜರು ಮರೆತರು. ಅವನು ಊರಾಚೆಯ ಇನ್ನೊಂದು ಶಾಖೆಯಲ್ಲಿದ್ದ. ಹನ್ನೊಂದರ ಹೊತ್ತಿಗೆ ಎಕ್ಸ್‌ರೇ ಸರ್ವರಿನ ಡಿಸ್ಕು ತುಂಬಿ, ಯಾವ ಚಿತ್ರವೂ ತೆರೆಯದಾಯಿತು. ಮೆಟ್ಟಿಲಿಂದ ಜಾರಿ ಬಿದ್ದಿದ್ದ ಶಾಲೆಯ ಟೀಚರೊಬ್ಬರು ಮುರಿದ ಸೊಂಟದಲ್ಲಿ ಮೂರು ಗಂಟೆ ಸ್ಟ್ರೆಚರಿನ ಮೇಲೆ ನರಳಿದರು. ಕೊನೆಗೆ ಬೇರೆ ಆಸ್ಪತ್ರೆಗೆ ಸಾಗಿಸುವಾಗ ಅವರಿಗೆ ಎಚ್ಚರ ತಪ್ಪಿತ್ತು.

"ಆ ಯಂತ್ರ ನಮ್ಮ ಲಿಸ್ಟಲ್ಲೇ ಇಲ್ಲ," ಎಂದಿತು ಸೆಂಟರು. ತಪ್ಪು ಹೊರಿಸಲು ಉಳಿದದ್ದು ಕೋಣೆಯ ಆಳು. ಮರುದಿನ ಬೆಳಿಗ್ಗೆ ಜ್ವರದಲ್ಲೇ ಬಂದ ಭಾವನನ್ನು ರಜೆಯ ಚೀಟಿ ಕೇಳಿದರೆ, ಅವರ ಬಳಿ ಇರಲಿಲ್ಲ. ಲಿಖಿತ ಉತ್ತರ ಕೊಡಬೇಕೆಂದು ಮ್ಯಾನೇಜರು ಖಾಲಿ ಹಾಳೆ ಮುಂದಿಟ್ಟರು.

ಆ ಸಂಜೆ ಅವನು ಓಡಿ ಬಂದಾಗ ಭಾವ ಮಫ್ಲರ್ ಸುತ್ತಿಕೊಂಡು ಎಕ್ಸ್‌ರೇ ಸರ್ವರಿನ ಮುಂದೆ ಕೂತಿದ್ದರು. ಪಕ್ಕದಲ್ಲೊಂದು ಕಾಗದ; ಬೇರೆ ಯಂತ್ರದ ಕಾನ್ಫಿಗ್ ಫೈಲನ್ನು ಅದರಲ್ಲಿ ಸಾಲುಸಾಲಾಗಿ ಬರೆದುಕೊಂಡಿದ್ದರು. ಬೆರಳು ಪರದೆಯ ಮೇಲೆ ನಿಂತಿತ್ತು.

"ಇಲ್ಲಿ ಏಳು ಇದೆ."

ಅವನು ಕೋಣೆಯ ಬಾಗಿಲನ್ನು ಮೆಲ್ಲಗೆ ಮುಚ್ಚಿದ.

"ನಿನ್ನ ಕೈ ತಪ್ಪೋ ಕೈಯಲ್ಲ," ಎಂದರು ಭಾವ, ಪರದೆಯಿಂದ ಕಣ್ಣು ತೆಗೆಯದೆ.

"ಎಲ್ಲಾ ಕಂಡ್ರೆ ನಿಮ್ಮನ್ನ ತೆಗೀತಾರೆ ಭಾವ. ಅದಕ್ಕೇ..."

"ಆ ಟೀಚರಮ್ಮನ್ನ ನೋಡಿದ್ಯಾ?"

"ಇಲ್ಲ."

"ನಾನು ಹೋಗಿದ್ದೆ. ಬದುಕ್ತಾರಂತೆ. ನಡೆಯೋದು ಗೊತ್ತಿಲ್ಲ ಅಂದ್ರು." ಭಾವ ಕೆಮ್ಮಿದರು. "ಸರಿ ಮಾಡು."

ಅವನು ಏಳನ್ನು ಅಳಿಸಿ ಒಂದು ಮಾಡಿದ, ಏಜೆಂಟನ್ನು ನಿಲ್ಲಿಸಿ ಮತ್ತೆ ಶುರು ಮಾಡಿದ. ಎರಡು ನಿಮಿಷಕ್ಕೆ ಫೋನು ಬಂತು. "ಬಂತು ಸರ್! ಇಪ್ಪತ್ತೊಂಬತ್ತೂ ಹಸಿರು!"

"ನಾನೇ ಹೋಗಿ ಮ್ಯಾನೇಜರಿಗೆ ಹೇಳಿಬಿಡ್ತೀನಿ ಭಾವ."

"ಹೇಳಿ? ನಂದು ಹೇಗೂ ಹೋಯ್ತು. ನಿಂದೂ ಹೋಗಬೇಕಾ? ನಿಮ್ಮಕ್ಕ ಆಮೇಲೆ ಯಾರ ಮುಖ ನೋಡಬೇಕು?" ಭಾವ ಜೇಬಿನಿಂದ ಪೆನ್ನು ತೆಗೆದರು. "ಸುಮ್ನಿರು."

ಖಾಲಿ ಹಾಳೆಯ ಮೇಲೆ, ಹೇಳದೆ ಕೇಳದೆ ರಜೆ ಹಾಕಿದ್ದು ತನ್ನದೇ ತಪ್ಪೆಂದು ಅವರು ಗುಂಡಗೆ ಬರೆದು ಸಹಿ ಹಾಕಿದರು. ಅವನು ತಡೆಯಬಹುದಿತ್ತು. ಕೈ ಮುಂದೆ ಬರಲಿಲ್ಲ. ಅಷ್ಟೇ ಅಲ್ಲ, ಒಳಗೆಲ್ಲೋ ಒಂದು ಉಸಿರು ಹಗುರಾಗಿದ್ದು ಅವನಿಗೆ ಗೊತ್ತಾಯಿತು. ಆ ಹಗುರಕ್ಕೆ ಅವನು ಹೇಸಿದ.

ಭಾನುವಾರ ಮಧ್ಯಾಹ್ನ ಅಕ್ಕ ಊಟಕ್ಕೆ ಕರೆದಳು. ಹೋಗದಿದ್ದರೆ ಯಾಕೆಂದು ಹೇಳಬೇಕಿತ್ತು, ಹೋದ.

"ಇವತ್ತೇನು, ಇಬ್ರೂ ಬಾಯಿಗೆ ಬೀಗ ಹಾಕ್ಕೊಂಡಿದ್ದೀರಾ?" ಎನ್ನುತ್ತ ಅಕ್ಕ ಮೊದಲು ಅವನಿಗೇ ಬಡಿಸಿದಳು. "ಇವರನ್ನ ಕೆಲಸದಿಂದ ತೆಗೆದ್ರಲ್ಲ, ನೀನು ಅಲ್ಲೇ ಇದ್ದೆ. ಇವರ ಪರವಾಗಿ ಒಂದು ಮಾತೂ ಆಡಲಿಲ್ವೇನೋ?"

"ಆಡ್ದ ಕಣೆ, ಪಾಪ. ಯಾರೂ ಕೇಳಲಿಲ್ಲ," ಎಂದರು ಭಾವ.

ಅಕ್ಕ ಒಳಗೆ ಹೋದಳು. ತಟ್ಟೆಯಲ್ಲಿ ಊಟ ಆರುತ್ತಿತ್ತು. ಭಾವ ತಲೆಯೆತ್ತದೆ ಉಪ್ಪಿನ ಡಬ್ಬಿಯನ್ನು ಅವನತ್ತ ಸರಿಸಿದರು.